ತಿಬು ಎಂದು ಓದಿದೆ

ಲಾಮು
10 ಡಿಸೆಂಬರ್ 1992

ಫಮಾವ್ ಅಣ್ಣನಿಗೆ ಸಲಾಂ.

ಇವತ್ತು ಬೆಳಗ್ಗೆ ಬಾಗಿಲ ಮುಂದೆ ಗುಡಿಸುವಾಗ ನೋಡಿದೆ. ಹೊಸ್ತಿಲ ಪಕ್ಕದ ಕಲ್ಲುಜಗುಲಿಯ ಮೇಲೆ ನಿನ್ನ ಚಪ್ಪಲಿಗಳು ತಿರುಗಿವೆ. ನೀನು ಬರಿಗಾಲಲ್ಲಿ ಹೊರಟುಹೋದ ದಿನದಿಂದ ಅವುಗಳ ಮೂತಿ ಓಣಿಯ ಕಡೆಗಿತ್ತು. ಅಮ್ಮನೇ ಹಾಗೆ ಇಟ್ಟದ್ದು. ಏಳು ತಿಂಗಳು ನಾನು ಅವುಗಳ ಧೂಳು ಒರೆಸಿ ಮತ್ತೆ ಹಾಗೆಯೇ ಇಡುತ್ತಿದ್ದೆ. ಇವತ್ತು ಅವು ಮನೆಯೊಳಕ್ಕೆ ನೋಡುತ್ತಿವೆ. ನಾನು ಮುಟ್ಟಿಲ್ಲ, ಮನೆಯಲ್ಲಿ ಇರುವವರು ನಾವಿಬ್ಬರೇ. ಅಮ್ಮನನ್ನು ಕೇಳಲು ಧೈರ್ಯವಾಗಲಿಲ್ಲ. ಅವಳು ಎಂದಿನ ಹಾಗೆ ಮೀನು ತೊಳೆಯುತ್ತಿದ್ದಳು.

ಇದಕ್ಕೆ ಹೆಚ್ಚು ಅರ್ಥ ಕಟ್ಟಬೇಡ. ಎಲ್ಲದರಲ್ಲೂ ಅರ್ಥ ಹುಡುಕುವುದು ನೈರೋಬಿಯಲ್ಲಿ ಸಾಹಿತ್ಯ ಓದಿ ನಾನು ತಂದುಕೊಂಡ ರೋಗ. ಅಮ್ಮ ಇನ್ನೂ ನಿನ್ನ ಹೆಸರು ಎತ್ತುವುದಿಲ್ಲ. ಕುರ್‌ಆನ್ ಮುಟ್ಟಿ ಆಣೆಯಿಟ್ಟ ಮೂರನೇ ವಾರಕ್ಕೆ ನೀನು ತೆಂಬೊ ಕುಡಿದು ಬಂದು ಬಾಗಿಲಲ್ಲಿ ಬಿದ್ದೆಯಲ್ಲ, ಆವತ್ತು ಅವಳು ಹೇಳಿದ್ದು ನಮ್ಮ ಓಣಿಯ ಕತ್ತೆಗಳಿಗೂ ಕೇಳಿಸಿತ್ತು: “ಬಾಯಲ್ಲಿ ಹೆಂಡದ ವಾಸನೆ ಇಟ್ಕೊಂಡು ಈ ಹೊಸ್ತಿಲು ದಾಟ್ಬೇಡ.” ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡಿಲ್ಲ.

ಶಂಸಾ ಮಗು ತಿಮಾಳನ್ನು ಕರೆದುಕೊಂಡು ತವರಿನಲ್ಲೇ ಇದ್ದಾಳೆ. ಅವಳ ಅಪ್ಪನ ಮಾತೂ ಸಡಿಲವಾಗಿಲ್ಲ. ಈದ್ ಹಬ್ಬದವರೆಗೆ ನೀನು ಕುಡಿಯದೆ ಇದ್ದರೆ ಮಗಳನ್ನೂ ಮೊಮ್ಮಗಳನ್ನೂ ತಾನೇ ಕೈಹಿಡಿದು ತಂದು ಬಿಡುತ್ತಾನಂತೆ. ಇಲ್ಲವಾದರೆ ಹಬ್ಬ ಮುಗಿದ ಮೂರನೇ ದಿನ ಕಾಜಿಯ ಮುಂದೆ ಹೋಗಿ ಮದುವೆ ಬಿಡಿಸುತ್ತಾನಂತೆ. ನಿನಗಿರುವುದು ಮೂರೂವರೆ ತಿಂಗಳು, ಅಣ್ಣ.

ಕೊನೆಗೊಂದು ಮಾತು. ನಿನ್ನ ಯಜಮಾನ, ಹಡಗು ಕಟ್ಟುವ ಫುಂದಿ ಮಕಾಮೆ, ಮೊಂಬಾಸಾದಿಂದ ಹೊಸ ಬೀಬಿ ತಂದ ಅಂತ ಬರೆದಿದ್ದೀಯ. ಅರವತ್ತೆಂಟರ ಮುದುಕನಿಗೆ ಹೊಸ ಹೆಂಡತಿಯೇ? ಗಟ್ಟಿಯಾಗಿ ಓದಿ ನಕ್ಕುಬಿಟ್ಟೆ. ಒಳಗಿನಿಂದ ಅಮ್ಮ, ಯಾರಿಗೂ ಅಲ್ಲ ಎಂಬಂತೆ, “ಪೆಂಬೆ ಇರ್ಬೇಕು” ಎಂದಳು. ಅಷ್ಟೇ. ಏನೆಂದು ಅರ್ಥವಾಗಲಿಲ್ಲ.

ಬದ್ರಿಯಾ


ಟಕೌಂಗು
27 ಡಿಸೆಂಬರ್ 1992

ತಂಗಿ ಬದ್ರಿಯಾಗೆ,

ಹಡಗು ಹೊರಟ ಮೇಲೆ ನಿನ್ನ ಕಾಗದ ಗಾಳಿಯ ಜೊತೆ ಎರಡೇ ದಿನದಲ್ಲಿ ಬಂತು. ನನ್ನದು ಗಾಳಿಗೆ ಎದುರಾಗಿ, ಲಾಲಿ ಮಾವನ ಹಡಗಿನ ಮುದಿ ಎಂಜಿನ್ ಕೆಮ್ಮಿಕೊಂಡು ಬರಬೇಕು. ಅದಕ್ಕೇ ನನ್ನ ಉತ್ತರ ಯಾವಾಗಲೂ ತಡ, ಸೋಮಾರಿತನದಿಂದಲ್ಲ.

ಬೀಬಿ ಅಲ್ಲ ಮಾರಾಯ್ತಿ, ಪೆಂಬೆ! ಹಸುವಿನ ಕೊಂಬು! ಎಣ್ಣೆ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುವುದಕ್ಕೆ. ನಾನೇನು ಮಾಡಲಿ, ಮದರಸಾದಲ್ಲಿ ಕಲಿತ ಅರಬಿ ಅಕ್ಷರ ಬಿಟ್ಟು ಬೇರೆ ಬರೆಯಲು ನನಗೆ ಬಾರದು. ನಮ್ಮ ಮಾತನ್ನು ಅದರಲ್ಲಿ ಬರೆದರೆ ‘ಎ’ಗೂ ‘ಇ’ಗೂ ಒಂದೇ ಗೀಟು, ‘ಒ’ಗೂ ‘ಉ’ಗೂ ಒಂದೇ ಕೊಂಡಿ, ‘ಪ’ಕ್ಕೂ ‘ಬ’ಕ್ಕೂ ಒಂದೇ ಚುಕ್ಕೆ, ನಡುವಿನ ‘ಮ’ ಇಲ್ಲವೇ ಇಲ್ಲ. ಪೆಂಬೆ ಅಂತ ಬರೆದದ್ದನ್ನು ಬೀಬಿ ಅಂತಲೂ ಓದಬಹುದು. ಓದುವವರು ಗೊತ್ತುಮಾಡಿಕೊಳ್ಳಬೇಕು. ಅಮ್ಮ ಕಾಗದ ನೋಡದೆಯೇ ಗೊತ್ತುಮಾಡಿಕೊಂಡಳು, ನೀನು ನೋಡಿಯೂ ಇಲ್ಲ. ಯಾವ ವಿಶ್ವವಿದ್ಯಾಲಯ ಅದು?

ಕೆಲಸದ ಜಾಗದಲ್ಲಿ ಎಲ್ಲರಿಗೂ ಹೇಳಿದೆ. ಮಕಾಮೆ ಕೊಂಬನ್ನು ಎದೆಗವಚಿಕೊಂಡು, “ಇವಳು ಬಯ್ಯಲ್ಲ, ಬಟ್ಟೆ ಕೇಳಲ್ಲ, ಎಣ್ಣೆ ಒಂದೇ ಕುಡಿಯೋದು. ನಿನ್ನ ತಂಗಿ ನೋಡಿದ ಸಂಬಂಧ ಒಳ್ಳೇದಿದೆ, ಕೊಡು ಅಂತ ಬರಿ” ಅಂದ.

ಕುಡಿಯದೆ ನಲವತ್ತೊಂದು ದಿನ ಆಯಿತು. ತೆಂಗಿನ ತೋಪಿನ ದಾರಿಯಲ್ಲಿ ಹೆಂಡದ ಗಡಿಗೆಗಳನ್ನು ಸಾಲಾಗಿ ಇಡುತ್ತಾರೆ. ನಾನು ಕಡಲಂಚಿನ ಕಲ್ಲುಗಳ ಮೇಲೆ ಸುತ್ತುಹಾಕಿ ಬರುತ್ತೇನೆ. ಕೈ ನಡುಗುವುದು ಕಡಿಮೆಯಾಗಿದೆ. ಹಲಗೆ ಸಂದಿಗೆ ಎಣ್ಣೆಹತ್ತಿ ತುರುಕುವಾಗ ಮಾತ್ರ ಉಳಿ ಸ್ವಲ್ಪ ಜಾರುತ್ತದೆ.

ಮೊನ್ನೆ ಮಕಾಮೆಗೆ ಹೇಳಿದೆ: “ಇನ್ನು ಕುಡಿಯಲ್ಲ ಅಂತ ಆರು ಸಲ ತೌಬಾ ಮಾಡಿದೆ, ಆರು ಸಲ ಮುರಿದೆ. ಏಳನೆಯದನ್ನ ಹಿಡ್ಕೊಂಡು ಅಲ್ಲಾಹನ ಮುಂದೆ ನಿಲ್ಲೋಕೆ ನಾಚಿಕೆ ಆಗುತ್ತೆ.” ಅವನು ತಲೆ ಎತ್ತಲಿಲ್ಲ. “ಈ ಹಡಗಿನ ಸಂದಿ ಹೋದ ವರ್ಷ ತುಂಬಿದ್ದು ಯಾರೋ?” ಅಂದ. “ನಾನೇ.” “ಈಗ ಸೋರ್ತಿದೆ. ಸೌದೆಗೆ ಕಡಿಯೋಣ್ವಾ? ಕೊಡಲಿ ತರ್ಲಾ?”

ಆಮೇಲೆ ಬೆರಳು ಮಡಚಿ ಹೇಳಿದ: “ಮಾಡೋದನ್ನ ನಿಲ್ಸು. ಮಾಡಿದ್ದಕ್ಕೆ ಮರುಗು. ಮತ್ತೆ ಮಾಡಲ್ಲ ಅಂತ ಗಟ್ಟಿ ಮಾಡ್ಕೋ. ಈ ಮೂರು ದೇವರ ಜೊತೆ. ನಾಲ್ಕನೇದು ಮನುಷ್ಯರ ಜೊತೆ. ಯಾರಿಗೆ ಅನ್ಯಾಯ ಮಾಡಿದ್ಯೋ ಅವರ ಹತ್ರಾನೇ ಹೋಗಿ ಸರಿಮಾಡ್ಬೇಕು. ಅಲ್ಲೇ ಎಲ್ರ ಕಾಲೂ ಹಿಂದೆ ಬರೋದು.”

ಚಪ್ಪಲಿಯ ಸಂಗತಿಯನ್ನು ನಾಲ್ಕು ಸಲ ಓದಿದೆ. ತಿಮಾಗೆ ಹೊಸ ಹಲ್ಲು ಬಂತೇ?

ಫಮಾವ್


ಲಾಮು
11 ಜನವರಿ 1993

ಅಣ್ಣನಿಗೆ,

ತಿಮಾಗೆ ನಾಲ್ಕು ವರ್ಷ ಆಯಿತು, ಹಲ್ಲು ಬರುವ ಕಾಲ ಎಂದೋ ಮುಗಿದಿದೆ. ನೀನು ಅವಳನ್ನು ಯಾವ ವಯಸ್ಸಿನಲ್ಲಿ ನಿಲ್ಲಿಸಿಕೊಂಡಿದ್ದೀಯೋ.

ನಿನ್ನೆ ಶಂಸಾಳ ಮನೆಗೆ ಹೋಗಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಇನ್ನೂ ಮುಟ್ಟಿಲ್ವಾ ಅವರು? ನನ್ನ ಮುಖ ನೋಡಿ ಹೇಳು ಬದ್ರಿಯಾ” ಅಂದಳು. ನಾನು ಅವಳ ಮುಖ ನೋಡಿಕೊಂಡೇ, “ಇಲ್ಲ, ಮೊನ್ನೆ ತಾನೇ ಕಾಗದ ಬಂತು” ಅಂದೆ. ನಿನ್ನ ಕಾಗದ ಹಳತಾಗಿತ್ತು. ಆ ಮೇಲಿನ ದಿನಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಇದು ಸಣ್ಣದು. ಇದಕ್ಕಿಂತ ದೊಡ್ಡವು ಹೇಳಿದ್ದೇನೆ. ನೀನು ಓಣಿಯಲ್ಲಿ ಬಿದ್ದಿದ್ದಾಗ ಜ್ವರ ಎಂದಿದ್ದೆ, ಮಸೀದಿಗೆ ಬಾರದಿದ್ದಾಗ ಮೀನು ಹಿಡಿಯಲು ಹೋಗಿದ್ದಾನೆ ಎಂದಿದ್ದೆ. ಪ್ರತಿ ಸಲವೂ ಇದೇ ಕೊನೆ ಅಂದುಕೊಳ್ಳುತ್ತೇನೆ. ನಿನ್ನ ತೌಬಾದ ಹಾಗೆಯೇ ನನ್ನದೂ. ಎಣಿಸಲು ಹೋದರೆ ನಾನೇ ಮುಂದೆ ಇರಬಹುದು.

ಅಣ್ಣ, ಕೋಪ ಮಾಡಿಕೊಳ್ಳಬೇಡ. ಹೋದ ವರ್ಷ ಕುಡಿತ ಬಿಡಿಸುವ ವೈದ್ಯರ ಬಳಿ ತಿಬುಗೆ, ಮದ್ದಿಗೆ, ಹೋಗಿ ಎರಡನೇ ದಿನ ಕಿಟಕಿ ಹಾರಿ ಬಂದೆಯಲ್ಲ, ಮತ್ತೊಮ್ಮೆ ಹೋಗು. ಮದ್ದು ಮಾಡಿಸಿಕೊಂಡರೆ ಈಮಾನು, ದೇವರ ಮೇಲಿನ ನಂಬಿಕೆ, ಕಡಿಮೆಯಾಗುವುದಿಲ್ಲ. ನಲವತ್ತೊಂದು ದಿನ ಹಲ್ಲು ಕಚ್ಚಿ ಇರುವುದು ಬೇರೆ, ವಾಸಿಯಾಗುವುದು ಬೇರೆ.

ಉತ್ತರ ಬರೆಯುವಾಗ ಹೆಚ್ಚು ಬಿಡಿಸಿ ಬರೆಯಬೇಡ. ಲಾಲಿ ಮಾವ ಒಳ್ಳೆಯವನೇ, ಆದರೆ ಅವನ ಹಡಗಿನವರು ಲಕೋಟೆಗಳನ್ನು ಅನ್ನದ ಹಬೆಯಲ್ಲಿ ಬಿಚ್ಚುತ್ತಾರೆ. ಶಂಸಾಳ ತಮ್ಮನೂ ಆ ಹಡಗಿನಲ್ಲಿದ್ದಾನೆ.

ಬದ್ರಿಯಾ


ಟಕೌಂಗು
24 ಜನವರಿ 1993

ಬದ್ರಿಯಾ,

ಬಿಡಿಸಿ ಬರೆಯಬೇಡ ಅಂದೆಯಲ್ಲ, ಸರಿ. ನಾನು ಮತ್ತೆ ತೆಂಬೊಗೆ ಹೋದೆ. ನಾಲ್ಕು ದಿನವಾಯಿತು. ಅಮ್ಮನಿಗೆ ಹೇಳು. ಮುಚ್ಚಿಡಬೇಡ. ಅವಳು ಏನು ಹೇಳುತ್ತಾಳೋ ಅದನ್ನೇ ಬರೆ. ನಿನ್ನ ಕೈಯಿಂದ ಒಂದಕ್ಷರವನ್ನೂ ಸಿಹಿ ಮಾಡಬೇಡ.

ಫಮಾವ್


ಲಾಮು
6 ಫೆಬ್ರವರಿ 1993

ನನ್ನ ಪ್ರೀತಿಯ ಅಣ್ಣನಿಗೆ,

ಎಷ್ಟು ಸಣ್ಣ ಕಾಗದ! ಆದರೆ ಇಷ್ಟು ವರ್ಷದಲ್ಲಿ ಇಂಥದ್ದು ನಿನ್ನಿಂದ ಬಂದಿರಲಿಲ್ಲ. ಮುಚ್ಚಿಡದೆ ಹೇಳಿದೆಯಲ್ಲ, ಅದೇ ದೊಡ್ಡದು.

ನೀನು ಹೇಳಿದಂತೆಯೇ ಮಾಡಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ಎದುರಿಗೆ ಕೂತು, “ಫಮಾವ್ ಮತ್ತೆ ತಿಬುಗೆ ಹೋಗಿದ್ದಾನಂತೆ, ನಾಲ್ಕು ದಿನ ಆಯ್ತಂತೆ” ಎಂದೆ. ಅವಳು ತುರಿಯುವುದನ್ನು ನಿಲ್ಲಿಸಿದಳು. “ಕೊಡಿಲ್ಲಿ” ಅಂದಳು. ಸೆರಗಿಗೆ ಕೈ ಒರೆಸಿಕೊಂಡು ಕಾಗದವನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ಹಿಡಿದುಕೊಂಡಿದ್ದಳು. ನಾಲ್ಕು ಸಾಲಿಗೆ ಅಷ್ಟು ಹೊತ್ತು ಬೇಡ, ಆದರೆ ಅವಳ ಕಣ್ಣು ಮಂಜಾಗಿದೆಯಲ್ಲ. ನಂತರ ಮಡಚಿ ನನ್ನ ಕೈಗೆ ಕೊಟ್ಟು, “ರಂಜಾನ್‌ಗೆ ಮನೆಗೆ ಬರೋಕೆ ಬರಿ” ಅಂದಳು.

“ಅಷ್ಟೇನಾ?”

“ಅಷ್ಟೇ. ನೀನು ಏನೂ ಸೇರಿಸ್ಬೇಡ.”

ಮತ್ತೆ ತುರಿಯಲು ಕೂತಳು. ಕಾಯಿಯ ಬಿಳಿ ಮುಗಿದು ಕಂದು ಸಿಪ್ಪೆ ಬೀಳುತ್ತಿದ್ದರೂ ನಿಲ್ಲಿಸಲಿಲ್ಲ. ಆವತ್ತಿನ ಸಾರಿನಲ್ಲಿ ಚಿಪ್ಪಿನ ಪುಡಿ ಹಲ್ಲಿಗೆ ಸಿಗುತ್ತಿತ್ತು. ಸಂತೋಷದಲ್ಲಿ ಅವಳ ಕೈ ತಪ್ಪಿದ್ದನ್ನು ನಾನು ಈ ತನಕ ನೋಡಿರಲಿಲ್ಲ.

ಶಂಸಾಳಿಗೂ ಹೇಳಿದೆ. ಅವಳು ಮೊದಲು ಅತ್ತಳು. ಆಮೇಲೆ, “ಹಬ್ಬಕ್ಕೆ ತಿಮಾಗೆ ಹಸಿರು ಬಟ್ಟೆ ಹೊಲಿಸ್ತೀನಿ, ಅವರಿಗೆ ಹಸಿರು ಇಷ್ಟ” ಅಂದಳು.

ಬಾ ಅಣ್ಣ.

ಬದ್ರಿಯಾ


ಟಕೌಂಗು
19 ಫೆಬ್ರವರಿ 1993

ತಂಗೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಂಬಿಕೆ ಬಾರದೆ ಮಕಾಮೆಯ ಕೈಯಲ್ಲೂ ಓದಿಸಿದೆ. ಅವನೂ ನನ್ನ ಹಾಗೆಯೇ ಓದಿದ. “ಫಮಾವ್ ಮತ್ತೆ ತೆಂಬೊಗೆ ಹೋಗಿದ್ದಾನಂತೆ” ಎಂದು ನೀನು ಅಮ್ಮನ ಎದುರು ಹೇಳಿದೆ. ಅದನ್ನು ಕೇಳಿಯೂ ಅವಳು ಮನೆಗೆ ಬಾ ಅಂದಳು.

ನಾಲ್ಕು ದಿನ ತೋಪಿನಲ್ಲಿ ಬಿದ್ದಿದ್ದೆ. ಐದನೇ ದಿನ ಆ ಕಾಗದ ಬರೆದೆ. ಬರೆದ ಮೇಲೂ ಬಿಡಲಿಲ್ಲ, ನಿಜ ಹೇಳುತ್ತೇನೆ. ಅಮ್ಮನ ಶಾಪ ಬರಲಿ, ಆಮೇಲೆ ನೋಡೋಣ ಅಂತ ಕುಡಿಯುತ್ತಲೇ ಇದ್ದೆ. ಶಾಪದ ಬದಲು ಇದು ಬಂತು.

ಕಾಗದ ಬಂದಾಗ ಹಡಗಿನ ಅಡಿಯಲ್ಲಿ ಅಂಗಾತ ಮಲಗಿ ಸಂದಿ ತುಂಬುತ್ತಿದ್ದೆ. ಓದಿ ಮುಗಿಸಿ ಎಷ್ಟು ಅತ್ತೆ ಅಂದರೆ, ಮಕಾಮೆ ಬಗ್ಗಿ ನೋಡಿ, “ಏನಯ್ಯಾ, ಹಡಗು ಒಳಗಿಂದ ಸೋರ್ತಿದ್ಯಾ ಹೊರಗಿಂದ್ಲಾ?” ಅಂದ.

ಹಿಂದಿನ ಆರೂ ತೌಬಾ ಹೆದರಿ ಮಾಡಿದ್ದು. ಅಮ್ಮನಿಗೆ, ಶಂಸಾಳ ಅಪ್ಪನಿಗೆ, ಗೋರಿಗೆ ಹೆದರಿ. ಇದೊಂದು ಹಾಗಲ್ಲ. ಬಿದ್ದಿದ್ದೇನೆ ಅಂತ ಗೊತ್ತಿದ್ದೂ ಬಾ ಅನ್ನುವವರು ಇದ್ದಾರೆ ಅಂದರೆ, ಮೇಲೆ ಇರುವವನು ಅದಕ್ಕಿಂತ ಕಡಿಮೆ ಇರಲಾರ. ಸಂಜೆ ಸ್ನಾನ ಮಾಡಿ ನಮಾಜಿಗೆ ನಿಂತೆ. ಏನೂ ಮಾತು ಕೊಡಲಿಲ್ಲ. ಕೊಡುವುದಕ್ಕೆ ನನ್ನಲ್ಲಿ ಮಾತೇ ಉಳಿದಿಲ್ಲ. ಸುಮ್ಮನೆ ನಿಂತಿದ್ದೆ.

ಹನ್ನೆರಡು ದಿನವಾಯಿತು, ಮುಟ್ಟಿಲ್ಲ. ಅರ್ಧ ರಂಜಾನ್ ಕಳೆಯುವ ಹೊತ್ತಿಗೆ ಲಾಲಿ ಮಾವನ ಹಡಗಿನಲ್ಲಿ ಹೊರಡುತ್ತೇನೆ. ಅಮ್ಮ ಹೇಳಿದ್ದು ಅದೇ ಮಾತು ತಾನೇ? ಬೇರೆ ಇದ್ದರೂ ಈಗ ಬರೆಯಬೇಡ.

ಫಮಾವ್


ಲಾಮು
2 ಮಾರ್ಚ್ 1993

ಅಣ್ಣ,

ನಿನ್ನ ಕಾಗದ ಓದಿದವಳೇ ಜನವರಿಯ ಕಾಗದ ತೆಗೆದು ಬಿಸಿಲಿಗೆ ಹಿಡಿದೆ. ಅದೇ ನಾಲ್ಕು ಸಾಲು. ಒಂದು ‘ತ’, ಅದರ ಕೆಳಗೊಂದು ಗೀಟು, ಒಂದು ‘ಬ’, ಅದರ ಮೇಲೊಂದು ಕೊಂಡಿ. ತಿಬು ಎಂದರೆ ತಿಬು, ತೆಂಬೊ ಎಂದರೆ ತೆಂಬೊ. ನೀನು ಹೆಂಡಕ್ಕೆ ಹೋದೆ ಎಂದು ಬರೆದೆ, ನಾನು ಮದ್ದಿಗೆ ಹೋದೆ ಎಂದು ಓದಿದೆ. ಮತ್ತೆ ಮದ್ದು ಮಾಡಿಸಿಕೋ ಎಂದು ನಾನೇ ಬರೆದಿದ್ದೆನಲ್ಲ, ಕಣ್ಣು ತನಗೆ ಬೇಕಾದದ್ದನ್ನು ಹುಡುಕಿಕೊಂಡಿತು. ನಾನು ಅದೇ ಎರಡಕ್ಷರ ಬರೆದು ಕಳಿಸಿದಾಗ ನೀನು ನಿನ್ನದನ್ನು ಓದಿದೆ.

ಅಮ್ಮ ಬಾ ಅಂದದ್ದು ಮದ್ದಿಗೆ ಹೋದ ಮಗನನ್ನು. ಶಂಸಾ ಬಟ್ಟೆ ಹೊಲಿಸುತ್ತಿರುವುದು ಮದ್ದಿಗೆ ಹೋದ ಗಂಡನಿಗಾಗಿ. ನಿನ್ನನ್ನು ಯಾರೂ ಕರೆದಿಲ್ಲ, ಅಣ್ಣ. ನಿನಗೆ ಸಿಕ್ಕಿತು ಅಂದುಕೊಂಡ ಕ್ಷಮೆ ನನ್ನ ತಪ್ಪು ಓದು. ಇದನ್ನು ನಿನಗೆ ಹೇಳಿದರೆ ನಿನ್ನ ಕಾಲ ಕೆಳಗಿನ ಹಲಗೆ ತೆಗೆದಂತೆ. ಅಮ್ಮನಿಗೆ ಹೇಳಿದರೆ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಉಪವಾಸದ ಬಾಯಲ್ಲಿ ದಿನವೂ ಸುಳ್ಳು.

ಇದನ್ನು ಕಳಿಸಲಾರೆ. ಬೇರೆ ಬರೆಯುತ್ತೇನೆ.


ಲಾಮು
2 ಮಾರ್ಚ್ 1993

ಅಣ್ಣನಿಗೆ,

ಹೌದು, ಅಮ್ಮ ಹೇಳಿದ್ದು ಅದೇ ಮಾತು. ಬಾ. ನಾವೆಲ್ಲ ಕಾಯುತ್ತಿದ್ದೇವೆ. ತಿಮಾಳ ಬಟ್ಟೆ ಹೊಲಿದಾಯಿತು.

ಬದ್ರಿಯಾ


ಮಾಲಿಂದಿ
14 ಮಾರ್ಚ್ 1993

ಬದ್ರಿಯಾ,

ಲಾಲಿ ಮಾವ ನಿಮಗೆ ಏನು ಹೇಳಿದನೋ ಗೊತ್ತಿಲ್ಲ. ಕೆಲಸ ಸಿಕ್ಕಿತು, ಅದಕ್ಕೆ ಇಳಿದ ಅಂತ ಹೇಳು ಎಂದಿದ್ದೆ. ಅವನು ನನ್ನ ಮುಖ ನೋಡಲಿಲ್ಲ.

ಎದುರು ಗಾಳಿ ಜೋರಾಗಿ ಮಾಲಿಂದಿಯಲ್ಲಿ ಲಂಗರು ಹಾಕಿದೆವು. ಒಂದು ದಿನ, ಎರಡು ದಿನ. ಎಂಜಿನ್ನೂ ಕೆಟ್ಟಿತು. ಮೂರನೇ ದಿನ ಎಲ್ಲರೂ ದಡಕ್ಕೆ ಇಳಿದರು, ನಾನೂ ಇಳಿದೆ. ಉಪವಾಸ ಇದ್ದೆ. ಕುಡಿಯದೆ ಮೂವತ್ತೊಂದು ದಿನ ಆಗಿತ್ತು. ಮೀನು ಮಾರುಕಟ್ಟೆಯ ಹಿಂದೆ ಒಬ್ಬಳು ಗಡಿಗೆ ಇಟ್ಟುಕೊಂಡು ಕೂತಿದ್ದಳು. ನನಗೆ ದುಃಖ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮನೆಗೆ ಹೋಗುತ್ತಿದ್ದೇನೆ ಅಂತ ಸಂತೋಷವಾಗಿಯೇ ಇದ್ದೆ. ಅದೇ ನನಗೆ ಅರ್ಥವಾಗದ್ದು. ಕಾಲುಗಳು ಹೋದವು. ಹಗಲಿನಲ್ಲೇ, ರಂಜಾನಿನಲ್ಲೇ, ನಡುಮಧ್ಯಾಹ್ನ.

ಅವಳು ಗಡಿಗೆಗೆ ಬಟ್ಟೆ ಮುಚ್ಚಿ, “ನೀನು ಮುಸ್ಲಿಂ ಅಲ್ವೇನಪ್ಪಾ, ಸಂಜೆ ಬಾ” ಅಂದಳು. ಹೆಂಡ ಮಾರುವವಳಿಗೂ ನನಗಿಂತ ಹೆಚ್ಚು ಭಯ ಇತ್ತು. ನಾನು ಕಾಡಿ ಬೇಡಿ ಅಲ್ಲೇ ಕುಡಿದೆ.

ಅಮ್ಮ ಒಂದು ಸಲ, ಗೊತ್ತಿದ್ದೂ ಕ್ಷಮಿಸಿದಳು. ಅದು ಒಂದೇ ಇರುವುದು. ಅದನ್ನೂ ನಾನು ಕುಡಿದುಬಿಟ್ಟೆ. ಇನ್ನೊಂದು ಸಲ ಕೇಳುವ ಮುಖ ನನಗಿಲ್ಲ, ಅವಳ ಮುಂದೂ ಇಲ್ಲ, ಅಲ್ಲಾಹನ ಮುಂದೂ ಇಲ್ಲ. ಶಂಸಾಳ ಅಪ್ಪನಿಗೆ ಹೇಳು, ಹಬ್ಬದ ತನಕ ಕಾಯುವುದು ಬೇಡ. ಹಸಿರು ಬಟ್ಟೆ ತಿಮಾಗೆ ಚೆನ್ನಾಗಿ ಕಾಣುತ್ತದೆ. ಅದನ್ನು ಅವಳಿಗೆ ಹಾಕಿ.

ನೀನು ಇನ್ನು ಬರೆಯಬೇಡ.


ಲಾಮು
23 ಮಾರ್ಚ್ 1993

ಅಣ್ಣ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಇವತ್ತು ಸಂಜೆ ಚಂದ್ರ ಕಂಡರೆ ನಾಳೆ ಹಬ್ಬ. ಓಣಿಯಲ್ಲಿ ಎಲ್ಲರೂ ಸುಣ್ಣ ಬಳಿಯುತ್ತಿದ್ದಾರೆ. ಇದರ ಜೊತೆ ನಾನು ಕಳಿಸದೆ ಇಟ್ಟುಕೊಂಡಿದ್ದ ಒಂದು ಕಾಗದವೂ ಇದೆ. ಅದನ್ನು ಮೊದಲು ಓದು. ಆಮೇಲೆ ಇದನ್ನು.

ಅದನ್ನು ಓದಿದೆಯಾದರೆ, ನಾನು ಏನು ಮಾಡಿದ್ದೆನೆಂದು ನಿನಗೆ ಗೊತ್ತಾಗಿದೆ. ನೀನು ಮಾಲಿಂದಿಯಲ್ಲಿ ಬಿದ್ದದ್ದು ಮೂರನೇ ದಿನ. ನಾನು ಮಾರ್ಚ್ ಎರಡರಿಂದ ದಿನವೂ ಬೀಳುತ್ತಿದ್ದೆ, ನಮಾಜು ಬಿಡದೆ.

ನಿನ್ನ ಮಾಲಿಂದಿಯ ಕಾಗದ ಬಂದ ಮೇಲೆ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಮಧ್ಯಾಹ್ನ ಅಮ್ಮನ ಎದುರು ಕೂತೆ. ಅವಳು ಅಕ್ಕಿ ಹಿಟ್ಟು ಕಲಸುತ್ತಿದ್ದಳು. ಎಲ್ಲ ಹೇಳಿದೆ. ತಿಬು ಅಲ್ಲ ಅಮ್ಮ, ಅವನು ಬರೆದದ್ದು ತೆಂಬೊ, ನಾನು ತಪ್ಪು ಓದಿದೆ, ಆಮೇಲೆ ಗೊತ್ತಾದರೂ ಮುಚ್ಚಿಟ್ಟೆ, ನೀನು ಕರೆದದ್ದು ಬೇರೆ ಮಗನನ್ನು, ಎಂದೆ.

ಅಮ್ಮ ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ.

“ಕೊಂಬನ್ನ ಬೀಬಿ ಅಂತ ಓದಿದ್ದು ನಾನೋ ನೀನೋ?”

“ನಾನು.”

“ಆ ಅಕ್ಷರ ನಂಗೆ ನಮ್ಮಪ್ಪ ಕಲಿಸಿದ್ದು. ಕೈಲಿ ಹಿಡ್ದಾಗ್ಲೇ ಗೊತ್ತಾಯ್ತು. ಮದ್ದಿಗೆ ಹೋದವನು ‘ಅಮ್ಮನಿಗೆ ಹೇಳು, ಮುಚ್ಚಿಡಬೇಡ’ ಅಂತ ಬರೀತಾನೇನೇ? ಹೆಂಡಕ್ಕೆ ಹೋದವನು ಬರೆಯೋ ಮಾತು ಅದು.”

“ಮತ್ತೆ ಯಾಕೆ ಬಾ ಅಂದೆ?”

“ಆರು ಸಲ ಬಂದು ಕುಡಿದಿಲ್ಲ ಅಂದ. ಒಂದು ಸಲ ಕುಡಿದೆ ಅಂತ ತಾನೇ ಹೇಳಿದ. ಅವನು ಹೊಸ್ತಿಲ ತನಕ ಬಂದ ಹಾಗೆ ಅಲ್ವಾ ಅದು.” ಬೆರಳಿಗೆ ಅಂಟಿದ ಹಿಟ್ಟು ಬಿಡಿಸಿಕೊಳ್ಳುತ್ತ ಹೇಳಿದಳು: “ನಾನು ಹಾಕಿದ ಮಾತು ಅದು, ಹೊಸ್ತಿಲು ದಾಟ್ಬೇಡ ಅನ್ನೋದು. ಅಲ್ಲಾಹ್ ಹಾಗೆ ಯಾರಿಗೂ ಹೇಳಿಲ್ಲ. ನಂಗೂ ತೌಬಾ ಮಾಡೋದು ಇತ್ತು.”

ಅಣ್ಣ, ಕೇಳಿದೆಯಾ? ನೀನು ಓದಿದ್ದೇ ಸರಿ. ಮಕಾಮೆ ಓದಿದ್ದೂ ಸರಿ. ತಪ್ಪು ಓದಿದವಳು ನಾನೊಬ್ಬಳೇ. ಆವತ್ತು ಚಿಪ್ಪಿನ ತನಕ ಅವಳು ತುರಿದದ್ದನ್ನು ಸಂತೋಷ ಎಂದು ಓದಿದವಳೂ ನಾನೇ.

ನೀನು ಮಾಲಿಂದಿಯಲ್ಲಿ ಬಿದ್ದದ್ದನ್ನೂ ಹೇಳಿದೆ. ಅವಳ ಮುಖ ಮುದುಡಿಹೋಯಿತು. ಅವಳಿಗೆ ಅಷ್ಟು ವಯಸ್ಸಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕ್ಷಮಿಸಿದರೆ ಕುಡಿತ ನಿಲ್ಲುತ್ತದೆ ಅಂದುಕೊಂಡಿದ್ದಳೇನೋ. ನಾನಂತೂ ಅಂದುಕೊಂಡಿದ್ದೆ. ನಿಲ್ಲಿಸುವ ಕೈ ನಮ್ಮಲ್ಲಿ ಯಾರದೂ ಅಲ್ಲ. ನಿನ್ನದೂ ಅಲ್ಲವೇನೋ ಎಂದು ಈಗ ಭಯವಾಗುತ್ತದೆ.

ಮಕಾಮೆಯ ನಾಲ್ಕನೇ ಬೆರಳು ನೆನಪಿತ್ತು. ಸಂಜೆಗೆ ಮುಂಚೆ ಶಂಸಾಳ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ. ಈಗಿನದು, ಹಿಂದಿನದು, ಜ್ವರ ಎಂದದ್ದು, ಮೀನು ಎಂದದ್ದು, ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. “ನಾಲ್ಕು ವರ್ಷ ನನ್ನ ಹತ್ರ ಸುಳ್ಳು ಹೇಳಿದ್ದು ಅವರಲ್ಲ. ಅವರಿಗೆ ಸುಳ್ಳು ಹೇಳೋಕೆ ಮೈಮೇಲೆ ಎಚ್ಚರ ಎಲ್ಲಿತ್ತು? ನೀನು” ಅಂದಳು. ತಿಮಾ ಹಸಿರು ಬಟ್ಟೆಯನ್ನು ಈಗಲೇ ಹಾಕಿಕೊಂಡು ತಿರುಗುತ್ತಿದ್ದಳು. ಬಿಚ್ಚಲು ಒಪ್ಪುತ್ತಿಲ್ಲವಂತೆ. ಶಂಸಾ ನನ್ನನ್ನು ಕ್ಷಮಿಸುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳ ಅಪ್ಪ ಹಬ್ಬ ಮುಗಿದ ಮೂರನೇ ದಿನ ಕಾಜಿಯ ಬಳಿಗೆ ಹೋಗುವುದು ಗಟ್ಟಿ. “ನಾನು ಬೇಡ ಅನ್ನಲ್ಲ ಬದ್ರಿಯಾ, ನಂಗೂ ಸಾಕಾಗಿದೆ” ಎಂದಳು. ಅವಳದು ನ್ಯಾಯ. ನಿನ್ನ ಮನೆ ಉಳಿಸಲು ನಾನು ಹೇಳಿದ ಸುಳ್ಳುಗಳೇ ಅದನ್ನು ಮುಗಿಸಿದವು. ನಿನ್ನ ಬಳಿಯೂ ಕ್ಷಮೆ ಕೇಳಬೇಕು.

ಇಷ್ಟೆಲ್ಲ ಆದಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಇವತ್ತು ಬೆಳಗ್ಗೆ ಪಕ್ಕದ ಮನೆಯವಳು “ಫಮಾವ್ ಹಬ್ಬಕ್ಕೆ ಬಂದ್ನಾ?” ಎಂದು ಕೇಳಿದಾಗ, ಕೆಲಸ ಜಾಸ್ತಿ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಂತು. ನುಂಗಿಕೊಂಡು “ಇಲ್ಲ” ಅಂದೆ. ಇಷ್ಟೇ ನನ್ನ ಗಳಿಕೆ. ನಾಳೆ ಇನ್ನೊಬ್ಬರು ಕೇಳಿದರೆ ಏನು ಹೇಳುತ್ತೇನೋ ಗೊತ್ತಿಲ್ಲ.

ಈಗ ಬರೆಯುತ್ತಿರುವಾಗ ಅಮ್ಮ ಜಗುಲಿಯಿಂದ ನಿನ್ನ ಚಪ್ಪಲಿಗಳನ್ನು ತಂದು ಓಲೆಯ ಬುಟ್ಟಿಯಲ್ಲಿ ಹಾಕಿದಳು. ಬಾರುಗಳಿಗೆ ಎಣ್ಣೆ ಸವರಿದ್ದಾಳೆ. ನಾನು ನೋಡಿದ್ದನ್ನು ಕಂಡು, “ಅವನು ಬರ್ತಾನೆ ಅಂತಲ್ಲ. ಮಾಲಿಂದಿಯಲ್ಲಿ ಮರಳು ಸುಡುತ್ತೆ, ಅದಕ್ಕೆ” ಅಂದಳು.

ಲಾಲಿ ಮಾವ ಹಬ್ಬದ ನಮಾಜು ಮುಗಿಸಿ ಹೊರಡುತ್ತಾನೆ. ಗಾಳಿ ಇನ್ನೂ ನಿನ್ನ ಕಡೆಗೇ ಬೀಸುತ್ತಿದೆ. ನೀನು ಮೀನು ಮಾರುಕಟ್ಟೆಯ ಹಿಂದೆಯೇ ಇರುತ್ತೀಯೋ ಇಲ್ಲವೋ, ಹುಡುಕಿದರೆ ಸಿಗುತ್ತೀಯೋ, ಸಿಕ್ಕರೆ ಕೇಳುವ ಸ್ಥಿತಿಯಲ್ಲಿ ಇರುತ್ತೀಯೋ, ಯಾವುದೂ ಗೊತ್ತಿಲ್ಲ. ನಿನ್ನನ್ನು ಎಳೆದು ತರುವ ಶಕ್ತಿ ನನಗಿಲ್ಲ. ಅಪರಿಚಿತರ ಬಳಿ ದಾರಿ ಕೇಳಲೂ ನಾಲಿಗೆ ಏಳದವಳು ನಾನು, ನಿನಗೆ ಗೊತ್ತಲ್ಲ.

ಆದರೂ ಈ ಕಾಗದವನ್ನು ಮಾವನ ಕೈಗೆ ಕೊಡುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ, ಬುಟ್ಟಿಯಲ್ಲಿ ಚಪ್ಪಲಿಗಳ ಪಕ್ಕ ನನ್ನದೊಂದು ಜೊತೆ ಬಟ್ಟೆ ಇಟ್ಟಿದ್ದೇನೆ. ನಾನೇ ಬಂದು, ನಿನ್ನ ಎದುರು ಕೂತು, ಗಟ್ಟಿಯಾಗಿ ಓದುತ್ತೇನೆ.

ಬದ್ರಿಯಾ